ನಿದ್ದೆಯ ಪಟ್ಟಿಯಲ್ಲಿ ಒಬ್ಬನ ಉಸಿರು

ನಿಗಡಿಯ ಭಕ್ತಿ-ಶಕ್ತಿ ಚೌಕದ ಸುತ್ತಲಿನ ಮನೆಗಳಲ್ಲಿ ಪೂರ್ತಿ ನಿಶ್ಶಬ್ದ ಎಂಬುದಿಲ್ಲ. ಹಳೆಯ ಮುಂಬೈ-ಪುಣೆ ಹೆದ್ದಾರಿಯ ಲಾರಿಗಳು ನಡುರಾತ್ರಿಯಲ್ಲೂ ಗೇರು ಬದಲಿಸುತ್ತವೆ. ಅವು ಸುಮ್ಮನಾದರೆ ಫ್ಯಾನಿನ ಸದ್ದು, ಫ್ರಿಜ್ಜಿನ ಗುಂಯ್‌ಗುಡುವಿಕೆ. ಇಂಥ ಕಡೆ ಹೆಡ್‌ಫೋನು ಹಾಕಿಕೊಂಡು ರ‍್ಯೂಯಿಚಿ ಸಕಾಮೊಟೊ ಅವರ ‘12’ ಎಂಬ ಆಲ್ಬಮ್ ಕೇಳುವವರಿಗೆ ಒಂದು ಹಂತದಲ್ಲಿ ಅನುಮಾನ ಶುರುವಾಗುತ್ತದೆ: ಈ ಸದ್ದು ಒಳಗಿನದೋ, ಹೊರಗಿನದೋ? ಪಿಯಾನೋದ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ. ಕಷ್ಟಪಟ್ಟು ಉಸಿರಾಡುತ್ತಿದ್ದಾರೆ.

ಅದು ಸಕಾಮೊಟೊ ಅವರದೇ ಉಸಿರು. ‘ದಿ ಲಾಸ್ಟ್ ಎಂಪರರ್’ ಚಿತ್ರದ ಸಂಗೀತಕ್ಕೆ ಆಸ್ಕರ್ ಪಡೆದವರಲ್ಲಿ ಒಬ್ಬರಾದ ಈ ಜಪಾನಿ ಸಂಗೀತಗಾರರಿಗೆ 2021ರ ಜನವರಿಯಲ್ಲಿ ಕ್ಯಾನ್ಸರಿನ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳುತ್ತ ಮತ್ತೆ ಸಿಂಥಸೈಜರನ್ನೂ ಪಿಯಾನೋವನ್ನೂ ಮುಟ್ಟಿದರು. ದಿನಚರಿ ಬರೆದಂತೆ ಧ್ವನಿಮುದ್ರಿಸುತ್ತ ಹೋದರು. ಅದರಲ್ಲಿ ಹನ್ನೆರಡನ್ನು ಆರಿಸಿದರು. ಹೆಸರುಗಳೆಂದರೆ ಬಹುತೇಕ ಬರೀ ತಾರೀಖುಗಳು, ಮೊದಲನೆಯದು ‘20210310’. ಆಲ್ಬಮ್ ಹೊರಬಂದದ್ದು 2023ರ ಜನವರಿ 17ರಂದು, ಅವರ 71ನೆಯ ಹುಟ್ಟುಹಬ್ಬದ ದಿನ. ಮಾರ್ಚ್ 28ರಂದು ಅವರು ತೀರಿಕೊಂಡರು.

ಇಂಥದ್ದನ್ನು ಸಂಗೀತದ ಆ್ಯಪ್‌ಗಳು ಎಲ್ಲಿಡುತ್ತವೆ? ‘ನಿದ್ದೆಗೆ’, ‘ಓದಿಗೆ’, ‘ಧ್ಯಾನಕ್ಕೆ’ ಎಂಬ ಪಟ್ಟಿಗಳಲ್ಲಿ, ಮಳೆಯ ಸದ್ದಿನ ಪಕ್ಕದಲ್ಲಿ. ಇದು ಬರೀ ವರ್ಗೀಕರಣದ ತಪ್ಪಲ್ಲ, ಅನ್ಯಾಯ. ತಪ್ಪಿನ ಬೇರು ಹಳೆಯದು ಎಂಬುದೂ ನಿಜ. 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ಆಲ್ಬಮ್ ಮಾಡಿದ ಬ್ರಯನ್ ಈನೋ ಈ ಬಗೆಗೆ ಆ್ಯಂಬಿಯಂಟ್ ಎಂದು ಹೆಸರಿಟ್ಟಾಗ, ಇದು ಕಿವಿಗೊಟ್ಟು ಕೇಳಿದರೂ ಸೈ, ಕಡೆಗಣಿಸಿದರೂ ಸೈ ಎನ್ನುವಂತಿರಬೇಕು ಎಂದಿದ್ದರು. ವ್ಯಾಪಾರ ಆ ಮಾತಿನ ಎರಡನೆಯ ಅರ್ಧವನ್ನಷ್ಟೇ ಎತ್ತಿಕೊಂಡಿತು.

ಕಿವಿಗೊಟ್ಟು ಕೇಳಿದರೆ ಸಿಗುವುದೇನು? ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಹಾರ್ಮೋನಿಯಂಗೆ ತಿದಿಯಿದೆ, ಪಿಟೀಲಿಗೆ ಕಮಾನಿದೆ. ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿದಿಡಬಹುದು. ಪಿಯಾನೋದಲ್ಲಿ ಸುತ್ತಿಗೆ ಒಮ್ಮೆ ತಂತಿಗೆ ಬಡಿದ ಮೇಲೆ ನುಡಿಸುವವರ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಪೆಡಲು ಒತ್ತಿದರೆ ಸ್ವಲ್ಪ ತಡವಾಗುತ್ತದೆ, ಅಷ್ಟೆ. ‘12’ರಲ್ಲಿ ಆ ಸಾಯುವ ಸ್ವರದ ಹಿಂದೆ ಸಿಂಥಸೈಜರಿನ ಮಬ್ಬು ನಿಂತಿದೆ. ಸ್ವರ ಎಲ್ಲಿ ಮುಗಿಯಿತು, ಮಬ್ಬು ಎಲ್ಲಿ ಶುರುವಾಯಿತು ಎಂದು ಹುಡುಕುತ್ತ ಕಿವಿ ಹಿಂದೆಯೇ ಹೋಗುತ್ತದೆ. ಹೀಗೆ ಹೋದವರಿಗೆ ನಿದ್ದೆ ಬರುವುದು ಕಷ್ಟ.

‘ಇದರಲ್ಲಿ ಹೊಸದೇನು, ನಮ್ಮ ತಂಬೂರಿಯೇ ಅಲ್ಲವೇ’ ಎನ್ನುವವರು ಪುಣೆಯಲ್ಲಿ ಇದ್ದೇ ಇರುತ್ತಾರೆ. ಗದಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು ಬೆಳೆಸಿದ ಊರು ಇದು. ಮಾತು ಅರ್ಧ ನಿಜ. ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ಸಿಗಿಸಿದ ನೂಲೆಳೆ ಎಬ್ಬಿಸುವ ಝೇಂಕಾರವನ್ನು ಗುರುತಿಸಬಲ್ಲ ಕಿವಿಗೆ ಈ ಆಲ್ಬಮ್ಮಿಗೆ ಬೇಕಾದ ತಾಳ್ಮೆ ಆಗಲೇ ಬಂದಿದೆ. ಆದರೆ ತಂಬೂರಿಯ ಷಡ್ಜ ಒಂದು ಭರವಸೆ. ಗಾಯಕರು ಎಲ್ಲಿ ಅಲೆದರೂ ಮನೆಯ ದೀಪದಂತೆ ಅದು ಉರಿಯುತ್ತಿರುತ್ತದೆ. ಸಕಾಮೊಟೊ ಅವರ ಸ್ವರಗಳಿಗೆ ಮರಳಲು ಅಂಥ ಮನೆಯಿಲ್ಲ. ಒಂದು ಬಿದ್ದ ಮೇಲೆ ಇನ್ನೊಂದು ಬರುತ್ತದೆಯೇ ಎಂದು ಕಾಯಬೇಕು.

ಎಲ್ಲ ಹನ್ನೆರಡೂ ಒಂದೇ ತೂಕದವಲ್ಲ. ಕೊನೆಕೊನೆಯ ಒಂದೆರಡು ಅರ್ಧಕ್ಕೇ ಎದ್ದುಹೋದ ಟಿಪ್ಪಣಿಯಂತಿವೆ. ದಿನಚರಿ ಎಂದ ಮೇಲೆ ಅಂಥ ದಿನಗಳೂ ಇರುತ್ತವೆ. ಹನ್ನೆರಡನೆಯದರಲ್ಲಿ ಪಿಯಾನೋ ಇಲ್ಲವೇ ಇಲ್ಲ. ಗಾಳಿಗೆ ಅಲುಗುವ ಪುಟ್ಟ ಗಂಟೆಗಳಂಥ ಕಿಣಿಕಿಣಿ, ಕೊಂಚ ಹೊತ್ತು. ಅದು ನಿಂತ ಮೇಲೆ ನಿಗಡಿಯಲ್ಲಿ ಮತ್ತೆ ಲಾರಿಗಳು ಕೇಳಿಸುತ್ತವೆ.