ಯಾರ ಬೇಸಿಗೆ ರಜೆ ಅದು?

ಕಳೆದ ದಸರೆ ರಜೆಗೆ ಧಾರವಾಡಕ್ಕೆ ಹೋದಾಗ ಅವ್ವನ ಜೊತೆ ಕೂತು ‘ಯೇ ಮೇರಿ ಫ್ಯಾಮಿಲಿ’ಯ ಮೊದಲ ಸೀಸನ್ ಇನ್ನೊಮ್ಮೆ ನೋಡಿದೆ. ಅವ್ವನಿಗೆ ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಕಲಿತ ಹಿಂದಿ ಬರುತ್ತದೆ, ಹಾಗಾಗಿ ನಾನು ಅನುವಾದಿಸಬೇಕಾದ್ದು ಅಲ್ಲೊಂದು ಇಲ್ಲೊಂದು ಮಾತು ಅಷ್ಟೇ. ಮೋನಾ ಸಿಂಗ್ ಮಾಡಿದ ಅಮ್ಮನ ಪಾತ್ರ ಮಗನನ್ನು ಗದರಿಸಿದಾಗೆಲ್ಲ ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಎರಡನೆಯ ಕಂತೋ ಮೂರನೆಯದೋ ಇರಬೇಕು, ಇದ್ದಕ್ಕಿದ್ದಂತೆ ಪರದೆಯತ್ತ ಬೆರಳು ಮಾಡಿ ಹೇಳಿದಳು: ‘ಇಂಥಾದ್ದ ಮನಿ ನೋಡು ಅವರದೂ. ಇಂಥಾವ ಸಾಮಾನ. ವಾರಕ್ಕೊಮ್ಮೆ ನಾನ ಒರಸ್ತಿದ್ದೆ.’

ಅವರು ಅಂದರೆ ಅವ್ವ ಹದಿನಾಲ್ಕು ವರ್ಷ ಮನೆಗೆಲಸಕ್ಕೆ ಹೋಗುತ್ತಿದ್ದ ಸಾಹೇಬರ ಮನೆಯವರು. ಈ ಸರಣಿಯ ಕಥೆ ನಡೆಯುವುದು 1998ರ ಬೇಸಿಗೆಯಲ್ಲಿ. ಆ ಬೇಸಿಗೆಯಲ್ಲಿ ನಾನು ವರ್ಷ ತುಂಬಿದ ಕೂಸು.

ಈ ಬರಹಕ್ಕೆ ಕಾರಣ ಅವ್ವನ ಆ ಒಂದು ಮಾತು. ಇಲ್ಲದಿದ್ದರೆ ಈ ಸರಣಿಯ ಬಗ್ಗೆ ನನಗೆ ತಕರಾರೇನೂ ಇರಲಿಲ್ಲ. 2018ರ ಜುಲೈನಲ್ಲಿ ಅದು ಬಂದಾಗ ಹಾಸ್ಟೆಲ್ಲಿನ ಕೋಣೆಯಲ್ಲಿ ಐದು ಜನ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು, ಏಳೂ ಕಂತುಗಳನ್ನು ಒಂದೇ ರಾತ್ರಿ ಮುಗಿಸಿದ್ದೆವು. ಜೈಪುರದ ಗುಪ್ತಾ ಕುಟುಂಬ, ಹನ್ನೆರಡು ವರ್ಷದ ಹರ್ಷು, ಓದಿನಲ್ಲಿ ಮುಂದಿರುವ ಅಣ್ಣ ಡಬ್ಬು, ಪುಟ್ಟ ತಂಗಿ, ಎಲ್ಲ ತಿಳಿದವನಂತೆ ಮಾತಾಡುವ ಗೆಳೆಯ ಶ್ಯಾಂಕಿ, ಹರ್ಷು ಮನಸೋತ ವಿದ್ಯಾ. ಕೊನೆಗೆ ಐವರೂ ಅತ್ತೆವು. ‘ಎಷ್ಟು ಚಂದ ಇತ್ತಲ್ಲ ನಮ್ಮ ಬಾಲ್ಯ’ ಎಂದು ಯಾರೋ ಅಂದರು, ಉಳಿದವರು ಹೂಂಗುಟ್ಟಿದೆವು. ಆ ಐವರಲ್ಲಿ ಮೂವರ ಮನೆಯಲ್ಲಿ 1998ರಲ್ಲಿ ಟೀವಿ ಇರಲಿಲ್ಲ. ಒಬ್ಬಳ ಮನೆಯಲ್ಲಿ ಕರೆಂಟೇ ಇರಲಿಲ್ಲ. ನನ್ನ ಬಾಲ್ಯದ ಟೀವಿ ಎಂದರೆ ಪಕ್ಕದ ಓಣಿಯ ಕಿಟಕಿ. ಕಿಟಕಿಯ ಸರಳು ಹಿಡಿದು ನಿಂತು, ಒಳಗಿನವರು ಚಾನೆಲ್ ಬದಲಿಸಿದರೆ ಅದನ್ನೇ ನೋಡುವುದು.

ಹಾಗಿದ್ದರೆ ಅಂದು ರಾತ್ರಿ ನಾವು ಅತ್ತಿದ್ದು ಯಾರ ಬಾಲ್ಯಕ್ಕೆ?

ಹಳಹಳಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಕಳೆದುಹೋದದ್ದನ್ನು ನೆನೆದು ಮರುಗುವ ಹಕ್ಕು ಎಲ್ಲರಿಗೂ ಇದೆ. ನನ್ನ ಸಿಟ್ಟು, ಒಂದು ಸಣ್ಣ ವರ್ಗದ ರಜೆಯ ನೆನಪುಗಳು ‘ತೊಂಬತ್ತರ ದಶಕದ ಮಕ್ಕಳು’ ಎಂಬ ಹಣೆಪಟ್ಟಿ ಹೊತ್ತು ಇಡೀ ತಲೆಮಾರಿನ ನೆನಪುಗಳಾಗಿ ಚಲಾವಣೆಗೆ ಬಂದುಬಿಡುವುದರ ಮೇಲೆ. ಲ್ಯಾಂಡ್‌ಲೈನ್ ಫೋನು, ಕೂಲರು, ಡಬ್ಬಾ ಟೀವಿ, ಸ್ಕೂಟರು, ಆಂಟೆನಾ ತಿರುಗಿಸಲು ಮಾಳಿಗೆ ಹತ್ತುವ ಹುಡುಗ. ಈ ಪಟ್ಟಿಯನ್ನು ನೀವೂ ಫೇಸ್‌ಬುಕ್ಕಿನಲ್ಲಿ ನೂರು ಸಲ ನೋಡಿದ್ದೀರಿ, ಕೆಳಗೆ ‘ಇದು ನೆನಪಿದ್ದರೆ ನೀವು ಅದೃಷ್ಟವಂತರು’ ಎಂದಿರುತ್ತದೆ. ಅದೃಷ್ಟವಂತರು ಎಂಬ ಪದ ಮಾತ್ರ ಸರಿಯಾಗಿದೆ. ಕೈಬಿಟ್ಟುಹೋಯಿತೆಂದು ಈ ಪಟ್ಟಿ ಮರುಗುವ ಒಂದೊಂದು ವಸ್ತುವನ್ನೂ ಮೊದಲು ಯಾರೋ ಕೊಂಡಿರಬೇಕಲ್ಲ. ಕೊಳ್ಳಲಾಗದವರಿಗೆ ಕಳೆದುಕೊಳ್ಳುವ ಸುಖವೂ ಇಲ್ಲ.

ಆ ಕೊಳ್ಳುವ ಶಕ್ತಿ ಎಲ್ಲಿಂದ ಬಂತು ಎಂಬುದನ್ನು ಹಳಹಳಿಕೆ ಎಂದೂ ಹೇಳುವುದಿಲ್ಲ. 1997ರಲ್ಲಿ ಐದನೆಯ ವೇತನ ಆಯೋಗದ ಶಿಫಾರಸುಗಳು ಜಾರಿಯಾದವು, 1996ರ ಜನವರಿಯಿಂದ ಪೂರ್ವಾನ್ವಯವಾಗಿ. ಕೇಂದ್ರ ಸರ್ಕಾರಿ ನೌಕರರಿಗೆ ಸಂಬಳವೂ ಏರಿತು, ಬಾಕಿಯೂ ಕೈಗೆ ಬಂತು. ಅವ್ವ ಹೋಗುತ್ತಿದ್ದ ಮನೆಗೆ ಫ್ರಿಜ್ ಬಂದದ್ದು ಆಗಲೇ. ಅವ್ವನಿಗೆ ವೇತನ ಆಯೋಗ ಗೊತ್ತಿಲ್ಲ, ಫ್ರಿಜ್ ಗೊತ್ತು. ಅದರ ಹಿಡಿಕೆಗೆ ಅಮ್ಮಾವರು ಬಟ್ಟೆಯ ಕವಚ ಹೊಲಿದು ಹಾಕಿದ್ದರಂತೆ, ಕೆಲಸದವರ ಒದ್ದೆ ಕೈ ತಾಗಬಾರದೆಂದು. ಇದನ್ನು ಹೇಳುವಾಗ ಅವ್ವನ ದನಿಯಲ್ಲಿ ದೂರು ಇರಲಿಲ್ಲ. ಕವಚದ ಬಣ್ಣ ಯಾವುದೆಂಬುದೂ ಆಕೆಗೆ ನೆನಪಿದೆ. ಕಡುಗೆಂಪು.

‘ಒಂದು ಹಾಸ್ಯದ ಸರಣಿ, ಅದೂ ಮಗುವಿನ ಕಣ್ಣಿನಿಂದ ಹೇಳಿದ್ದು, ಅದರಲ್ಲಿ ರಾಜಕೀಯ ಹುಡುಕುತ್ತೀಯಲ್ಲ, ನಿನಗೆ ಮಾಡಲು ಬೇರೆ ಕೆಲಸವಿಲ್ಲವೇ’ ಎಂದು ನನ್ನ ಜೊತೆಯ ಸಂಶೋಧಕ ಮಿತ್ರನೊಬ್ಬ ಕೇಳಿದ. ಕೆಲಸವಿದೆ, ಮೂರನೆಯ ಅಧ್ಯಾಯ ಅರ್ಧಕ್ಕೇ ನಿಂತಿದೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲ. ಈ ಪ್ರಕಾರದ ಮೂಲಪುರುಷನೇ ಕೊಟ್ಟಿದ್ದಾನೆ.

ಬೆಳೆದು ದೊಡ್ಡವನಾದ ದನಿಯೊಂದು ತನ್ನ ಹನ್ನೆರಡನೇ ವಯಸ್ಸಿನ ಕಥೆ ಹೇಳುವ ಈ ಅಚ್ಚನ್ನು ಟೀವಿಯಲ್ಲಿ ಗಟ್ಟಿಗೊಳಿಸಿದ್ದು ‘ದಿ ವಂಡರ್ ಇಯರ್ಸ್’. 1988ರ ಜನವರಿಯಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಯಿತು, ಕಥೆಯ ಕಾಲ 1968. ಕೆವಿನ್ ಎಂಬ ಹುಡುಗ, ಸಿಡುಕು ಅಪ್ಪ, ಕಾಡುವ ಅಣ್ಣ, ಪಕ್ಕದ ಮನೆಯ ವಿನ್ನಿ. ಎಲ್ಲ ನಾವು ಬಲ್ಲ ಸಾಮಗ್ರಿಯೇ. ಆದರೆ ಮೊದಲ ಕಂತು ಮುಗಿಯುವುದರೊಳಗೆ ವಿನ್ನಿಯ ಅಣ್ಣ ವಿಯೆಟ್ನಾಮಿನಲ್ಲಿ ಸತ್ತ ಸುದ್ದಿ ಬರುತ್ತದೆ. ಕೆವಿನ್ ಮತ್ತು ವಿನ್ನಿಯ ಮೊದಲ ಮುತ್ತು ಆ ಸಾವಿನ ಸಂಜೆಯದು. ಯುದ್ಧ ಅಲ್ಲಿ ಟೀವಿಯ ವಾರ್ತೆಯಲ್ಲಿ ಹಿನ್ನೆಲೆಯ ಸದ್ದಾಗಿ ಉಳಿಯದೆ ಎದುರು ಮನೆಗೆ ನುಗ್ಗಿತು, ಅದರಿಂದ ಹುಡುಗನ ಪ್ರೇಮದ ಕಥೆಯೇ ಬೇರೆಯಾಯಿತು. ಮಗುವಿನ ಕಣ್ಣು ಎಂಬ ನೆಪ ಅದಕ್ಕೆ ಅಡ್ಡ ಬರಲಿಲ್ಲ.

ಅದು ಬಿಳಿಯರ ಉಪನಗರದ ಕಥೆಯೇ, ಅನುಮಾನವಿಲ್ಲ. 1968ರಲ್ಲಿ ಬೇರೆಯವರೂ ಬದುಕಿದ್ದರಲ್ಲ ಎಂಬ ಪ್ರಶ್ನೆ ಅಮೆರಿಕದವರಿಗೆ ಹೊಳೆಯಲು ಮೂವತ್ತಮೂರು ವರ್ಷ ಹಿಡಿಯಿತು. 2021ರಲ್ಲಿ ಅದೇ ಹೆಸರಿನ ಸರಣಿ ಮತ್ತೆ ಬಂದಾಗ ಕುಟುಂಬ ಬದಲಾಗಿತ್ತು: ಅಲಬಾಮಾದ ಮಾಂಟ್ಗೋಮರಿಯ ಕಪ್ಪು ಮಧ್ಯಮವರ್ಗದ ಮನೆ, ಡೀನ್ ಎಂಬ ಹನ್ನೆರಡರ ಹುಡುಗ, ಸಂಗೀತ ಕಲಿಸುವ ಅಪ್ಪ. ವರ್ಷ ಮಾತ್ರ ಅದೇ 1968. ಮೊದಲ ಕಂತಿನಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಬರುತ್ತದೆ. ಎರಡೇ ಸೀಸನ್ನಿಗೆ ಅದನ್ನು ನಿಲ್ಲಿಸಿದರು, ಅದು ಬೇರೆ ಮಾತು. ಒಂದೇ ವರ್ಷವನ್ನು ಇನ್ನೊಂದು ಮನೆಯ ಕಿಟಕಿಯಿಂದ ನೋಡಿದರೆ ಏನು ಕಾಣುತ್ತದೆ ಎಂದು ಕೇಳುವ ಕುತೂಹಲವಾದರೂ ಅವರಿಗೆ ಇತ್ತು.

ನಮ್ಮಲ್ಲೂ ಕುಟುಂಬ ಬದಲಾಯಿತು. 2023ರ ಎರಡನೆಯ ಸೀಸನ್ನಿನಲ್ಲಿ ‘ಯೇ ಮೇರಿ ಫ್ಯಾಮಿಲಿ’ ಜೈಪುರ ಬಿಟ್ಟು ಲಖನೌಗೆ ಹೋಯಿತು, 1998 ಬಿಟ್ಟು 1994ರ ಚಳಿಗಾಲಕ್ಕೆ ಹೋಯಿತು, ಹುಡುಗನ ಬದಲು ಹುಡುಗಿ ಕಥೆ ಹೇಳಿದಳು. ಇಷ್ಟೆಲ್ಲ ಬದಲಿಸುವ ಸ್ವಾತಂತ್ರ್ಯ ಇದ್ದಾಗ ಅವರು ಆರಿಸಿಕೊಂಡದ್ದು ಅವಸ್ಥಿ ಕುಟುಂಬವನ್ನು. ಗುಪ್ತಾರಿಂದ ಅವಸ್ಥಿಗೆ. ಅಡ್ಡಹೆಸರು ಓದಲು ಬಲ್ಲವರಿಗೆ ಪ್ರಯಾಣ ಎಷ್ಟು ದೂರದ್ದೆಂದು ಗೊತ್ತಾಗುತ್ತದೆ. ಊರು, ಋತು, ನಟರು ಎಲ್ಲ ಹೊಸತಾದರೂ ಆ ಮನೆಯೊಳಗೆ ಕಾಲಿಟ್ಟರೆ ಹಳೆಯದೇ ಅನ್ನಿಸುತ್ತದೆ. ಅದೇ ಸೋಫಾ, ಅದೇ ಬೈಗುಳ, ಕೊನೆಗೆ ಅದೇ ಅಪ್ಪುಗೆ.

ಆ ಲಖನೌವನ್ನೇ ಸ್ವಲ್ಪ ನೋಡೋಣ. 2024ರಲ್ಲಿ ಬಂದ ಮೂರನೆಯ ಸೀಸನ್ನಿನ ಕಾಲ 1995ರ ಬೇಸಿಗೆ. ನಿಜವಾದ ಲಖನೌದಲ್ಲಿ 1995ರ ಬೇಸಿಗೆ ಎಂದರೆ ಏನು? ಜೂನ್ 2ರಂದು ಸರ್ಕಾರಿ ಅತಿಥಿಗೃಹದಲ್ಲಿ ಮಾಯಾವತಿಯವರನ್ನು ಮುತ್ತಿಗೆ ಹಾಕಲಾಯಿತು. ಮರುದಿನ, ಜೂನ್ 3ರಂದು, ಅವರು ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ದೇಶದ ಅತಿ ದೊಡ್ಡ ರಾಜ್ಯದ ಆ ಕುರ್ಚಿಯ ಮೇಲೆ ದಲಿತ ಹೆಣ್ಣೊಬ್ಬಳು ಕೂತದ್ದು ಅದೇ ಮೊದಲು. ಆ ವಾರ ಲಖನೌದ ಯಾವ ಮನೆಯ ಊಟದ ಮೇಜಿನಲ್ಲಿ ಬೇರೆ ಮಾತು ನಡೆದಿರಲು ಸಾಧ್ಯ? ಅವಸ್ಥಿ ಎಂಬ ಹೆಸರಿನ ಮನೆಯಲ್ಲಂತೂ ಆ ಮಾತು ಎಷ್ಟು ಕಹಿಯಾಗಿ, ಎಷ್ಟು ನಗೆಪಾಟಲಾಗಿ, ಎಷ್ಟು ಭಯದಿಂದ ನಡೆದಿರಬಹುದು! ಹಾಸ್ಯ ಬರೆಯುವವರಿಗೆ ಇದಕ್ಕಿಂತ ಹುಲುಸಾದ ಹೊಲ ಎಲ್ಲಿ ಸಿಗುತ್ತದೆ? ಅಜ್ಜಿ, ಅಪ್ಪ, ಅಮ್ಮ, ಹದಿಹರೆಯದ ಮಗಳು ನಾಲ್ವರೂ ನಾಲ್ಕು ಥರ ಮಾತಾಡಬಹುದಿತ್ತು. ಇವರಿಗೆ ಕಂಡದ್ದು ರಸ್ನಾದ ಕಾಲ.

ಜೈಪುರದ 1998ಕ್ಕೆ ಮರಳಿದರೂ ಇದೇ. ಆ ಮೇ 11 ಮತ್ತು 13ರಂದು ಅದೇ ರಾಜಸ್ಥಾನದ ಪೋಖ್ರಾನಿನಲ್ಲಿ ಅಣು ಪರೀಕ್ಷೆ ನಡೆಯಿತು. ಅದನ್ನು ಬಿಡಿ, ಬಾಂಬು ಮಕ್ಕಳ ಕಥೆಗೆ ಬೇಡ. ಆದರೆ ಹೈಕೋರ್ಟಿನ ಆವರಣದಲ್ಲಿ 1989ರಲ್ಲಿ ಮನುವಿನ ಪ್ರತಿಮೆ ನಿಲ್ಲಿಸಿ, ತೆಗೆಯಬೇಕೆಂಬ ಒತ್ತಾಯ ಬಂದರೂ ಹಾಗೇ ಉಳಿಸಿಕೊಂಡ ನಗರ ಅದು. ಅದರ ಹತ್ತಿರದ ಭಟೇರಿಯ ಭಂವರಿ ದೇವಿ, ಕುಂಬಾರ ಸಮುದಾಯದ ಹೆಣ್ಣು, ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. 1995ರಲ್ಲಿ ಜೈಪುರದ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದಿಂದ ಹುಟ್ಟಿದ ವಿಶಾಖಾ ತೀರ್ಪು ಸುಪ್ರೀಂ ಕೋರ್ಟಿನಿಂದ ಬಂದದ್ದು 1997ರ ಆಗಸ್ಟಿನಲ್ಲಿ, ಹರ್ಷುವಿನ ರಜೆಗೆ ವರ್ಷವೂ ಆಗಿರಲಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವ ಮಾತು ಅದು. ಮನೆಗೆಲಸದವರಿಗೆ, ಅಂದರೆ ಅವ್ವನಂಥವರಿಗೆ, ಮನೆಯೂ ಕೆಲಸದ ಜಾಗವೇ ಎಂದು ಕಾನೂನು ಸ್ಪಷ್ಟವಾಗಿ ಒಪ್ಪಲು 2013ರವರೆಗೆ ಕಾಯಬೇಕಾಯಿತು. ಇಷ್ಟನ್ನೂ ಸರಣಿ ಹೇಳಬೇಕಿತ್ತು ಎಂದರೆ ನಾನು ಮೂರ್ಖಳಾದೇನು. ಆದರೆ ‘ಆಗ ಕಾಲ ಸರಳವಾಗಿತ್ತು’ ಎಂಬ ಭಾವ ಎಲ್ಲೆಲ್ಲೂ ಸೂಸುತ್ತದಲ್ಲ, ಅದರ ಎದುರು ಈ ಸಂಗತಿಗಳನ್ನು ಇಡಲೇಬೇಕು. ಸರಳವಾಗಿದ್ದದ್ದು ಅವರ ರಜೆ.

ಡಬ್ಬುವಿನ ಐಐಟಿ ಕನಸನ್ನೂ ನೋಡಿ. ಅಮ್ಮನಿಗೆ ಅಣ್ಣನ ಮೇಲೇ ಪ್ರೀತಿ ಹೆಚ್ಚು ಎಂಬ ಹರ್ಷುವಿನ ಸಂಕಟ ನಗೆಯನ್ನೂ ಅಳುವನ್ನೂ ಉಕ್ಕಿಸುತ್ತದೆ, ಅದರ ಬರವಣಿಗೆ ನಿಜಕ್ಕೂ ಚೆನ್ನಾಗಿದೆ. ಆದರೆ ಈ ಕನಸನ್ನು ಮನೆಯ ಒಳಗಿನ ಅಣ್ಣತಮ್ಮಂದಿರ ಪೈಪೋಟಿಯಾಗಿಯಷ್ಟೇ ನೋಡಲು ಯಾರಿಗೆ ಸಾಧ್ಯ? ಐಐಟಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಬಂದದ್ದು 2008ರಲ್ಲಿ. ಅಂದರೆ 1998ರಲ್ಲಿ ಕುಂಬಾರರ, ನೇಕಾರರ, ಗಾಣಿಗರ ಮಗ ಡಬ್ಬುವಿನ ಪಕ್ಕದ ಬೆಂಚಿನಲ್ಲಿ ಕೂರುವ ಸಾಧ್ಯತೆ ತೀರ ಕಡಿಮೆಯಿತ್ತು. ಸ್ಪರ್ಧೆ ಮನೆಯೊಳಗೇ ನಡೆಯುವಷ್ಟು ಅಂಗಳ ಖಾಲಿಯಿತ್ತು.

ಹಳೆಯ ಕಾಲದ ಮುಗ್ಧ ಬಾಲ್ಯವನ್ನು ಮುಗ್ಧವಾಗಿಯೇ ತೋರಿಸಬೇಕೆನ್ನುವವರಿಗೆ ನಮ್ಮ ಮನೆಯಂಗಳದ ಉದಾಹರಣೆಯೇ ಇದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಯಾರಿಗೆ ಇಷ್ಟವಿಲ್ಲ? ಅದಕ್ಕೆ ಸ್ವಾಮಿಯನ್ನು ಕೊಟ್ಟ ಆರ್.ಕೆ. ನಾರಾಯಣ್ ರಾಜಕೀಯ ಬರಹಗಾರರೆಂದು ಯಾರೂ ಹೇಳುವುದಿಲ್ಲ. ಆದರೂ 1935ರ ಅವರ ಕಾದಂಬರಿಯಲ್ಲಿ ಸ್ವಾಮಿ ಹರತಾಳದ ಗುಂಪಿಗೆ ಸೇರಿ ಶಾಲೆಯ ಕಿಟಕಿ ಗಾಜಿಗೆ ಕಲ್ಲು ಹೊಡೆಯುತ್ತಾನೆ, ಶಾಲೆಯನ್ನೇ ಬಿಡಬೇಕಾಗುತ್ತದೆ. ಯಾಕೆ ಹೊಡೆದೆ ಎಂಬುದು ಅವನಿಗೇ ಪೂರ್ತಿ ಗೊತ್ತಿಲ್ಲ. ಮಗುವಿನ ಕಣ್ಣು ಎಂದರೆ ಇದು. ಇದರಿಂದ ಸ್ವಾಮಿಯ ಮುಗ್ಧತೆ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಇಷ್ಟೆಲ್ಲವನ್ನೂ ಆವತ್ತು ಅವ್ವನ ಮುಂದೆ, ಸ್ವಲ್ಪ ಜೋರಾಗಿಯೇ, ಹೇಳಿದೆ ಅಂತ ಕಾಣುತ್ತದೆ. ಪಿಎಚ್‌.ಡಿ. ಮಾಡುವವರ ಮನೆಯವರಿಗೆ ಈ ಶಿಕ್ಷೆ ತಪ್ಪಿದ್ದಲ್ಲ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದ್ದು ನನ್ನ ವಾದಕ್ಕೆ ಒಗ್ಗದ ಮಾತು. ಆ ಬೇಸಿಗೆ ಆಕೆಗೂ ನೆನಪಿದೆ. ನನ್ನನ್ನು ಸೀರೆಯಲ್ಲಿ ಕಟ್ಟಿಕೊಂಡು ಹೋಗಿ, ಅವರ ಹಿತ್ತಲಿನ ಪೇರಲ ಗಿಡದ ಕೆಳಗೆ ಮಲಗಿಸಿ, ಪಾತ್ರೆ ತಿಕ್ಕುತ್ತಿದ್ದಳಂತೆ. ರಜೆಗೆ ಮನೆಯಲ್ಲಿದ್ದ ಆ ಮನೆಯ ಹುಡುಗಿ ಬಂದು ನನ್ನ ಪಕ್ಕ ಕೂತು ಪುಸ್ತಕ ಓದುತ್ತಿದ್ದಳಂತೆ, ನೊಣ ಓಡಿಸುತ್ತ. ಮುಂದೆ ನಾನು ಓದಲು ಕಲಿತ ಮೇಲೆ ಆ ಹುಡುಗಿಯ ಹಳೆಯ ಪುಸ್ತಕಗಳೇ ಒಂದು ಚೀಲದ ತುಂಬ ನಮ್ಮ ಮನೆಗೆ ಬಂದವು. ನಾನು ಓದಿದ ಮೊದಲ ಕಥೆಯ ಪುಸ್ತಕ ಆ ಚೀಲದ್ದು. ಮೊದಲ ಪುಟದಲ್ಲಿ ಅವಳ ಹೆಸರಿತ್ತು, ಅದರ ಕೆಳಗೆ ನಾನು ನನ್ನ ಹೆಸರು ಬರೆದಿದ್ದೆ.

‘ಚಲೋ ಮಂದಿ ಇದ್ದರು’ ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, ‘ಚಾದ ಕಪ್ಪು ಮಾತ್ರ ನಂದ ಬ್ಯಾರೆ ಇತ್ತು. ಹಿತ್ತಲ ಕಿಟಕ್ಯಾಗ ಇಡತಿದ್ದರು.’

ಪೇರಲ ಗಿಡ, ನೊಣ ಓಡಿಸುವ ಹುಡುಗಿ, ಪುಸ್ತಕದ ಚೀಲ, ಕಿಟಕಿಯ ಬೇರೆ ಕಪ್ಪು. ಅವ್ವನ 1998ರಲ್ಲಿ ಇವೆಲ್ಲ ಒಟ್ಟಿಗೇ ಇವೆ, ಒಂದಕ್ಕಾಗಿ ಇನ್ನೊಂದನ್ನು ಆಕೆ ಮರೆತಿಲ್ಲ. ಕಪ್ಪನ್ನು ತೆಗೆದಿಟ್ಟು ಪೇರಲ ಗಿಡವನ್ನಷ್ಟೇ ತೋರಿಸುವ ಕೆಲಸ ಬರವಣಿಗೆಯವರ ಕೋಣೆಯಲ್ಲಿ ನಡೆಯುತ್ತದೆ.

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ‘ಯಾಕ ಬಂದ ಮಾಡ್ತಿ?’ ಎಂದಳು ಅವ್ವ. ‘ಆ ಹುಡುಗನ ಕತಿ ಏನಾತು ನೋಡೂಣ ತಡಿ. ಮುಂದಿಂದು ಹಚ್ಚು.’