ಮೊದಲು ಕಟ್ಟು, ಆಮೇಲೆ ಕೇಳು

ಹದಿನೇಳೂವರೆ ಸಾವಿರ ರೂಪಾಯಿ. 2024ರ ಜೂನ್ 24ರ ಸಂಜೆ ಐದರೊಳಗೆ ಇಷ್ಟು ಹಣ ಕಟ್ಟಲಾಗದೆ ಮುಜಫ್ಫರ್‌ನಗರದ ಕಡೆಯ ದಲಿತ ಹುಡುಗನೊಬ್ಬ ಧನಬಾದ್ ಐಐಟಿಯಲ್ಲಿ ಸಿಕ್ಕಿದ್ದ ಸೀಟು ಕಳೆದುಕೊಂಡ. ಅಪ್ಪ ದಿನಗೂಲಿ. ಅಲ್ಲಿ ಇಲ್ಲಿ ಹೊಂದಿಸಿ ಹಣ ಕೈಗೆ ಬರುವಾಗ ಗಂಟೆ ನಾಲ್ಕೂಮುಕ್ಕಾಲು ಆಗಿತ್ತು. ಕಟ್ಟುವಷ್ಟರಲ್ಲಿ ಪೋರ್ಟಲ್ ಬಾಗಿಲು ಹಾಕಿತು. ಸುಪ್ರೀಂ ಕೋರ್ಟು ಸೆಪ್ಟೆಂಬರ್ 30ರಂದು ಸಂವಿಧಾನದ 142ನೇ ವಿಧಿ ಬಳಸಿ ಅವನಿಗೆ ಸೀಟು ಕೊಡಿಸಿತು. ಎಲ್ಲರೂ ಸಂತೋಷಪಟ್ಟರು. ನನಗೆ ಸಿಟ್ಟು ಬಂತು. ಒಂದು ಫೀಸಿಗೆ ದೇಶದ ಮುಖ್ಯ ನ್ಯಾಯಮೂರ್ತಿಯೇ ಬರಬೇಕಾಯಿತಲ್ಲ! ವಕೀಲರು ಸಿಗದ ಮಕ್ಕಳ ಪಾಡೇನು?

ನಮ್ಮ ರಾಜ್ಯದಲ್ಲಿ ಕಾಲೇಜು ಫೀಸು ಬರುವ ಕಾಲವನ್ನೇ ನೋಡಿ. ಜೂನ್‌ನಿಂದ ಆಗಸ್ಟ್. ಮುಂಗಾರು ಬಿತ್ತನೆಯೂ ಆಗಲೇ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್ ಎಂದು ಮನೆಯ ಕೊನೆಯ ನೋಟೂ ಹೊಲಕ್ಕೆ ಹೋಗಿರುತ್ತದೆ. ರಾಗಿ ಕಣಕ್ಕೆ ಬರುವುದು ನವೆಂಬರ್-ಡಿಸೆಂಬರ್‌ಗೆ, ತೊಗರಿ ಇನ್ನೂ ತಡ. ಇಡೀ ವರ್ಷದಲ್ಲಿ ಮನೆ ಅತಿ ಬರಿದಾಗಿರುವ ತಿಂಗಳನ್ನೇ ಹುಡುಕಿ ನಾವು ಶೈಕ್ಷಣಿಕ ವರ್ಷ ಆರಂಭಿಸಿದ್ದೇವೆ. ಆಗ ಕುರಿ ಮಾರುತ್ತಾರೆ, ಅವ್ವನ ಓಲೆ ಅಡ ಇಡುತ್ತಾರೆ, ಮಹಿಳಾ ಸಂಘದಲ್ಲಿ ‘ಹೈನುಗಾರಿಕೆಗೆ’ ಎಂದು ಬರೆಸಿ ಸಾಲ ತೆಗೆಯುತ್ತಾರೆ. ಆ ಎಮ್ಮೆ ಎಂದೂ ಕೊಟ್ಟಿಗೆಗೆ ಬರುವುದಿಲ್ಲ, ಮಗಳು ಬಿ.ಎಸ್‌ಸಿ.ಗೆ ಸೇರಿರುತ್ತಾಳೆ.

ವಿದ್ಯಾರ್ಥಿವೇತನ ಇದೆಯಲ್ಲ ಎನ್ನುತ್ತಾರೆ. ಇದೆ. ಅದರ ಜೊತೆಗೆ ‘ಶುಲ್ಕ ಮರುಪಾವತಿ’ ಎಂಬ ಮಾತೂ ಇದೆ. ಅದರ ಅರ್ಥ ಯಾರೂ ಬಿಡಿಸಿ ಹೇಳುವುದಿಲ್ಲ: ನಿನ್ನ ಹತ್ತಿರ ಈಗಾಗಲೇ ದುಡ್ಡಿದ್ದರೆ ಮಾತ್ರ ಇದು ನಿನಗೆ ಸಿಗುತ್ತದೆ. ಮೊದಲು ಕಟ್ಟು, ಆಮೇಲೆ ಕೇಳು. ಅಂದರೆ ಬಡವನೇ ಸರ್ಕಾರಕ್ಕೆ ಸಾಲ ಕೊಡಬೇಕು, ಅದೂ ಬಡ್ಡಿಯಿಲ್ಲದೆ, ವಾಯಿದೆಯಿಲ್ಲದೆ. ಸಂಘದ ಬಡ್ಡಿ ಮಾತ್ರ ವಾರವಾರವೂ ತಪ್ಪದೆ ಅವನ ಹೆಗಲಿಗೆ.

1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ತಿಂಗಳ ವೇತನ ಗೊತ್ತುಮಾಡಿ. ‘ನ್ಯೂಯಾರ್ಕಿಗೆ ಹೋಗಿ ಫೀಸು ಕಟ್ಟು, ರಸೀದಿ ಕಳಿಸು, ನೋಡೋಣ’ ಎಂದಿದ್ದರೆ ಏನಾಗುತ್ತಿತ್ತು ಎಂದು ನಮ್ಮ ಅಧಿಕಾರಿಗಳು ಒಮ್ಮೆ ಯೋಚಿಸಬೇಕು.

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಷ್ಟು ಹಳೆಯದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಅದನ್ನು ಕೇಂದ್ರ-ರಾಜ್ಯಗಳ 60:40ರ ಪಾಲಿಗೆ ತಂದಿತು. ಕೇಂದ್ರದ ಹಣ ಈಗ ನೇರ ವಿದ್ಯಾರ್ಥಿಯ ಖಾತೆಗೆ, ಅದೂ ರಾಜ್ಯ ತನ್ನ ಪಾಲು ಹಾಕಿದ ಮೇಲೆ. ಇದಕ್ಕೆ ಕಾರಣವಿತ್ತು, ಅಲ್ಲಗಳೆಯುವುದಿಲ್ಲ. ಹಿಮಾಚಲ ಪ್ರದೇಶದಲ್ಲಿ ಖಾಸಗಿ ಸಂಸ್ಥೆಗಳು ಮಕ್ಕಳ ಹೆಸರಿನಲ್ಲಿ ವಿದ್ಯಾರ್ಥಿವೇತನ ನುಂಗಿದ ಹಗರಣ ಸಿಬಿಐವರೆಗೆ ಹೋಯಿತು. ಕಳ್ಳತನ ಮಾಡಿದ್ದು ಕಾಲೇಜು. ತಡೆಯಲು ಹಾಕಿದ ಬೇಲಿ ಮಾತ್ರ ವಿದ್ಯಾರ್ಥಿಯ ಕಾಲಿಗೆ ಚುಚ್ಚುತ್ತಿದೆ. ಆಧಾರ್ ಬ್ಯಾಂಕಿಗೆ ಜೋಡಣೆಯಾಗಿರಬೇಕು, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಾಳೆಯಾಗಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಇನಿಷಿಯಲ್ ಆಧಾರ್‌ನಲ್ಲೂ ಅದೇ ಜಾಗದಲ್ಲಿರಬೇಕು. ಒಂದು ಚುಕ್ಕೆ ತಪ್ಪಿದರೆ ನಾಡಕಚೇರಿಗೂ ಸೈಬರ್ ಸೆಂಟರಿಗೂ ಅಲೆದಾಟ. ಕೂಲಿ ಬಿಟ್ಟು ಅಲೆದ ದಿನಗಳಿಗೆ ಮರುಪಾವತಿ ಯಾವ ಯೋಜನೆಯಲ್ಲೂ ಇಲ್ಲ.

ನಿಯಮವೇ ಇಲ್ಲವೆಂದಲ್ಲ. ಹಣ ಬರುವ ತನಕ ಫೀಸು ಕೇಳದಿರಲಿ ಎಂದೇ ಕೇಂದ್ರದ ಮಾರ್ಗಸೂಚಿ ‘ಫ್ರೀಶಿಪ್ ಕಾರ್ಡ್’ ಎಂಬುದನ್ನು ತಂದಿದೆ. ಮೂಲ ಪ್ರಮಾಣಪತ್ರಗಳನ್ನು ಒತ್ತೆಯಾಗಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ನಮ್ಮ ರಾಜ್ಯದ ಕಾಯ್ದೆಯಂತೂ 1984ರದು. ಆದರೆ ಕೌಂಟರಿನ ಗಾಜಿನ ಹಿಂದೆ ಕೂತ ಕ್ಯಾಷಿಯರಿಗೆ ಇದ್ಯಾವುದೂ ಗೊತ್ತಿಲ್ಲ, ಅಥವಾ ಗೊತ್ತಿಲ್ಲದಂತೆ ಇರುವುದೇ ಅವರ ಕೆಲಸ. ‘ಸರ್ಕಾರ ನಮಗೆ ಬಾಕಿ ಇಟ್ಟಿದೆ, ನೀವು ಈಗ ಕಟ್ಟಿ, ಬಂದಾಗ ಕೊಡ್ತೀವಿ’ ಎಂಬ ಮಾತು ಎಷ್ಟೋ ಪೋಷಕರಿಗೆ ಬಾಯಿಪಾಠ. ಪರೀಕ್ಷೆ ಹತ್ತಿರ ಬಂದಾಗ ಅದೇ ಮಾತು ‘ಕಟ್ಟದಿದ್ದರೆ ಹಾಲ್‌ಟಿಕೆಟ್ ಇಲ್ಲ’ ಎಂಬ ರೂಪ ತಾಳುತ್ತದೆ.

ಇನ್ನು ‘ಸಾಲ ಮಾಡಿ ಓದಲಿ, ಬಿಟ್ಟಿ ಯಾಕೆ’ ಎನ್ನುವವರು. ಶಿಕ್ಷಣ ಸಾಲ ನಾಲ್ಕು ಲಕ್ಷದವರೆಗೆ ಅಡಮಾನವಿಲ್ಲದೆ ಸಿಗಬೇಕು ಎನ್ನುತ್ತದೆ ನಿಯಮ. ಪಂಚೆ ಉಟ್ಟ ಅಪ್ಪನೊಡನೆ ಒಮ್ಮೆ ಬ್ಯಾಂಕಿಗೆ ಹೋಗಿ ನೋಡಿ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನು ಬೇಡ, ಒಪ್ಪಿದೆ. ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ, ಆರಂಭದಲ್ಲಿ ಅವು 860. ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರ ಲೆಕ್ಕ ಅದರಲ್ಲಿಲ್ಲ.

ನಾನು ಹೊಸ ಯೋಜನೆ ಕೇಳುತ್ತಿಲ್ಲ. ಹೊಸ ಹೆಸರು, ಹೊಸ ಫೋಟೋ, ಹೊಸ ಪೋರ್ಟಲ್ ಯಾವುದೂ ಬೇಡ. ಒಂದೇ ಒಂದು ಸಾಲಿನ ಆದೇಶ ಸಾಕು: ಅರ್ಹ ವಿದ್ಯಾರ್ಥಿಯ ಖಾತೆಗೆ ಸರ್ಕಾರದ ಹಣ ಬೀಳುವವರೆಗೆ ಅವರಿಗೆ ಫೀಸಿನ ಕೊನೆಯ ದಿನಾಂಕವೇ ಇರಬಾರದು. ತಡವಾದರೆ ಅದು ಖಜಾನೆ ಮತ್ತು ಕಾಲೇಜಿನ ನಡುವಿನ ವ್ಯವಹಾರ. ಕಾಯುವ ಶಕ್ತಿ ಇರುವುದೂ ಅವರಿಬ್ಬರಿಗೇ.

ಆ ಆದೇಶ ಬರುವವರೆಗೆ ಪೋಷಕರಲ್ಲಿ ಒಂದು ಮನವಿ. ಕಟ್ಟಲೇಬೇಕೆಂದು ಕೌಂಟರಿನಲ್ಲಿ ಹೇಳಿದರೆ, ಯಾವ ನಿಯಮದಡಿ ಎಂದು ಬರೆದುಕೊಡಲು ಕೇಳಿ. ಕಟ್ಟಿದ ಒಂದೊಂದು ರೂಪಾಯಿಗೂ ರಸೀದಿ ತೆಗೆದುಕೊಳ್ಳಿ.