ಲಕ್ವಕ್ಕೆ ಹೋಗಿದ್ದೆವು ಎನ್ನಬಹುದು

ಅಂಕೋಲಾ ತಾಲ್ಲೂಕಿನ ಬೆಳಂಬಾರದ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಲಕ್ವ ಹೊಡೆದು ಕೈಕಾಲು ಬಿದ್ದವರನ್ನು ಕಾರಿನಲ್ಲಿ, ಟೆಂಪೋದಲ್ಲಿ ಮಲಗಿಸಿಕೊಂಡು ದೂರದ ಊರುಗಳಿಂದ ಜನ ಅಲ್ಲಿಗೆ ಬರುತ್ತಾರೆ. ಹಾಲಕ್ಕಿ ಒಕ್ಕಲಿಗರ ನಾಟಿ ವೈದ್ಯದ ಮೇಲೆ ಅವರಿಗೆ ನಂಬಿಕೆ. ಆ ಔಷಧಿಯ ಗುಣ ಎಷ್ಟು ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಅಲ್ಲಿಗೆ ರೋಗಿಯನ್ನು ಕರೆತಂದವರು ಯಾರೂ ಮುಖ ಮುಚ್ಚಿಕೊಂಡಿರುವುದಿಲ್ಲ ಎಂಬುದಷ್ಟೇ ನಮ್ಮ ಮಾತಿಗೆ ಬೇಕಾದದ್ದು.

ನಮ್ಮ ಪರಿಚಯದ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ಗಂಡನನ್ನು ಅಲ್ಲಿಗೆ ಕರೆದೊಯ್ದಿದ್ದರು. ಈಚೆಗೆ ನಮ್ಮ ಮನೆಗೆ ಬಂದದ್ದು ಮಗನ ವಿಷಯಕ್ಕೆ. ಹುಡುಗನಿಗೆ ಹತ್ತೊಂಬತ್ತು. ಗಾಂಜಾದಿಂದ ಶುರುವಾದದ್ದು ಮಾತ್ರೆಗಳಿಗೆ ಬಂದು ನಿಂತಿದೆ. ಮಾತೆಲ್ಲ ಮುಗಿದ ಮೇಲೆ ಬಾಗಿಲ ಬಳಿ ನಿಂತು ದನಿ ತಗ್ಗಿಸಿ ಕೇಳಿದರು: "ಭಾಯಿ, ಬೆಳಂಬಾರದಲ್ಲಿ ಇದಕ್ಕೂ ಔಷಧಿ ಸಿಗ್ತದಾ? ಅಲ್ಲಿಗಾದ್ರೆ ಲಕ್ವಕ್ಕೆ ಹೋಗಿದ್ದು ಅಂತ ಹೇಳ್ಬಹುದು."

ಮಾದಕ ವಸ್ತುಗಳ ವಿರುದ್ಧ ದೇಶ ನಡೆಸುತ್ತಿರುವ ಸಮರದ ಬಗ್ಗೆ ನಮಗಿರುವ ತಕರಾರು ಪೂರ್ತಿಯಾಗಿ ಆ ಕೊನೆಯ ವಾಕ್ಯದಲ್ಲಿದೆ.

ಸಮರ ನಡೆದಿಲ್ಲ ಎಂದು ಯಾರೂ ಹೇಳಲಾರರು. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು, ಮರುವರ್ಷ ಮಾದಕ ವಸ್ತು ನಿಯಂತ್ರಣ ಬ್ಯೂರೋ ಬಂತು. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ನಶಾ ಮುಕ್ತ ಭಾರತ ಅಭಿಯಾನ ಶುರುವಾಗಿ ಆಮೇಲೆ ದೇಶದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಪ್ರತಿ ಜೂನ್ 26ಕ್ಕೆ ಶಾಲಾ ಮಕ್ಕಳು ಫಲಕ ಹಿಡಿದು ಮೆರವಣಿಗೆ ಹೊರಡುತ್ತಾರೆ, ಅಧಿಕಾರಿಗಳು ಪ್ರತಿಜ್ಞೆ ಬೋಧಿಸುತ್ತಾರೆ. ವಶಪಡಿಸಿಕೊಂಡ ಗಾಂಜಾವನ್ನು ಸುಡುವ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಬೆಂಕಿಯ ಮುಂದೆ ಸಾಲಾಗಿ ನಿಂತ ಸಾಹೇಬರ ಮುಖಗಳಲ್ಲಿ ಮದುವೆ ಮನೆಯ ಕಳೆ!

ಆದರೆ ಈ ಕಾಯ್ದೆಯ ಬಲೆ ನೇಯ್ದ ರೀತಿ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಎರಡು ಕಂಟೇನರುಗಳಿಂದ ಸುಮಾರು ಮೂರು ಸಾವಿರ ಕಿಲೋ ಹೆರಾಯಿನ್ ಹಿಡಿಯಲಾಯಿತು. ಕಾಗದಪತ್ರದಲ್ಲಿ ಅದು ಅಫ್ಘಾನಿಸ್ತಾನದಿಂದ ಬಂದ ಟಾಲ್ಕ್ ಕಲ್ಲು. ಅದೇ ವರ್ಷ ದೇಶದಲ್ಲಿ ದಾಖಲಾದ ಎನ್‌ಡಿಪಿಎಸ್ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಸೇವನೆಗೆ ಇಟ್ಟುಕೊಂಡವರ ಮೇಲಿನವು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕವೇ ಹೇಳುತ್ತದೆ. ತಿಮಿಂಗಿಲ ಹಿಡಿಯಲು ಹೆಣೆದ ಬಲೆಗೆ ಬೀಳುತ್ತಿರುವುದು ಹೆಚ್ಚಾಗಿ ಬೂತಾಯಿ. ಮಾರಿದವನಿಗೆ ವಕೀಲರಿದ್ದಾರೆ, ಸೇದಿದವನಿಗೆ ಪೊಲೀಸ್ ಠಾಣೆ ಇದೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಕಲಂ 64ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾಗಿ, ಅದನ್ನು ಪೂರೈಸಿದರೆ, ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಕಲಂ 71 ಇಂಥ ಚಿಕಿತ್ಸಾ ಕೇಂದ್ರಗಳನ್ನು ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಓದುಗರು ಎದೆ ಮುಟ್ಟಿಕೊಂಡು ಹೇಳಲಿ: ಈ 64ಎ ಬಗ್ಗೆ ಯಾವ ಮೆರವಣಿಗೆಯ ಫಲಕದಲ್ಲಿ ಓದಿದ್ದೀರಿ? ಹತ್ತು ವರ್ಷ ಜೈಲು, ಲಕ್ಷ ರೂಪಾಯಿ ದಂಡ ಎಂಬುದು ಎಲ್ಲರಿಗೂ ಬಾಯಿಪಾಠ. ಆ ತಾಯಿಗೆ ನಾವು ಈ ಕಲಮಿನ ವಿಷಯ ಹೇಳಿದಾಗ ಅವರು ನಂಬಲಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಫೋನ್ ಹೋಗುತ್ತದೆ ಎಂದೇ ಅವರು ತಿಳಿದಿದ್ದರು.

ನಂಬದ ತಪ್ಪು ಅವರದಲ್ಲ. ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕಾನೂನುಬಾಹಿರ ಮಾದಕ ವಸ್ತುಗಳಿಗೆ ಅಂಟಿಕೊಂಡ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಕುಡಿತದ ದಾಸರಾದವರಲ್ಲಿ 38ಕ್ಕೆ ಒಬ್ಬರು. ಅದೇ ಸಮೀಕ್ಷೆ ಹೇಳುವಂತೆ ದೇಶದಲ್ಲಿ ಗಾಂಜಾ, ಭಂಗಿ ಸೇವಿಸುವವರು ಸುಮಾರು 3.1 ಕೋಟಿ, ಮದ್ಯ ಕುಡಿಯುವವರು ಸುಮಾರು 16 ಕೋಟಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸರ್ಕಾರದ ನಶಾಮುಕ್ತಿಯ ಬಣ್ಣ ಗೊತ್ತಾಗುತ್ತದೆ. ಸಂವಿಧಾನದ 47ನೇ ವಿಧಿ ಮದ್ಯವನ್ನೂ ಮಾದಕ ವಸ್ತುಗಳನ್ನೂ ಒಂದೇ ವಾಕ್ಯದಲ್ಲಿ ನಿಷೇಧದ ಸಾಲಿಗೆ ಸೇರಿಸಿದೆ. ಕರ್ನಾಟಕ ಸರ್ಕಾರದ 2025-26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತು. ಒಂದು ಕೈಯಲ್ಲಿ ಪ್ರತಿಜ್ಞೆಯ ಕಾಗದ, ಇನ್ನೊಂದರಲ್ಲಿ ಲೈಸೆನ್ಸಿನ ಕಾಗದ.

ಅಂಕೋಲೆಯ ನೆಲಕ್ಕೆ ಇದು ಹೊಸ ಪಾಠವಲ್ಲ. ಈ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾಡು 'ಹಾಡುಗಳ ಕಣಜ' ಎಂದು ಕೊಂಡಾಡಿತು, 2017ರಲ್ಲಿ ಪದ್ಮಶ್ರೀ ಬಂತು. ಆ ಹೆಂಗಸು ಸಾರಾಯಿಯ ವಿರುದ್ಧ ಹಾಲಕ್ಕಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೀದಿಗಿಳಿದವರು. ಅವರ ಕೈಯಲ್ಲಿ ಕಾಯ್ದೆ ಇರಲಿಲ್ಲ, ಬ್ಯೂರೋ ಇರಲಿಲ್ಲ. ಕುಡಿತ ತಮ್ಮ ಕೇರಿಯ ಗಂಡಸರನ್ನು ಏನು ಮಾಡಿತು ಎಂಬ ಅನುಭವ ಇತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಅದರ ಜಾಗಕ್ಕೆ ಸಣ್ಣ ಪೊಟ್ಟಣದ ಅಗ್ಗದ ವಿಸ್ಕಿ ಬಂದು ಕೂತಿತು. ಸಾಲದ್ದಕ್ಕೆ ನಮಗೆ ಗೋವಾ ಪಕ್ಕದಲ್ಲೇ ಇದೆ. ಮಾಜಾಳಿ ತಪಾಸಣಾ ನಾಕೆಯನ್ನು ತಪ್ಪಿಸಿ ಬರುವ ಬಾಟಲಿಯ ಬೆಲೆ ಕಾರವಾರದ ಕುಡುಕನಿಗೆ ಅಕ್ಕಿಯ ಬೆಲೆಗಿಂತ ಚೆನ್ನಾಗಿ ಗೊತ್ತು. 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಕೊಂಡಾಗ ಎಲ್ಲ ಪಕ್ಷಗಳವರೂ ಸಂತಾಪ ಸೂಚಿಸಿದರು. ಅವರ ಹಾಡುಗಳ ಬಗ್ಗೆ ತುಂಬ ಮಾತಾಡಿದರು.

ಸರ್ಕಾರವನ್ನು ಬೈದಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಮಾತಾಗುತ್ತದೆ. ನಮ್ಮ ಸಮುದಾಯದ ಕಡೆಗೂ ತಿರುಗಬೇಕು.

2021ರಲ್ಲಿ ಕೇರಳದ ಪಾಲಾ ಬಿಷಪ್ಪರು 'ನಾರ್ಕೋಟಿಕ್ ಜಿಹಾದ್' ಎಂಬ ಮಾತು ಆಡಿದರು. ಆ ಮಾತಿನ ವಿಷ ಕರಾವಳಿಗೂ ಹರಿಯಿತು. ಗಾಂಜಾ ಕೇಸಿನಲ್ಲಿ ಮುಸ್ಲಿಂ ಹೆಸರು ಸಿಕ್ಕರೆ ತಲೆಬರಹ ದಪ್ಪವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ಖಂಡಿಸಲೇಬೇಕು, ಖಂಡಿಸಿದೆವು. ಆದರೆ ಖಂಡಿಸುವ ಭರದಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಅಂಥದ್ದೇನೂ ಇಲ್ಲ ಎಂದುಬಿಟ್ಟೆವು. ಹೊರಗಿನವರ ಬಾಯಿಗೆ ಹೆದರಿ ಒಳಗಿನವರ ಬಾಯಿ ಮುಚ್ಚಿಸಿದೆವು. ಆ ತಾಯಿ ಬಾಗಿಲ ಬಳಿ ದನಿ ತಗ್ಗಿಸಿದ್ದು ಪೊಲೀಸರಿಗೆ ಹೆದರಿ ಮಾತ್ರವಲ್ಲ, ನಮಗೆ ಹೆದರಿ.

ಈಗ ಇನ್ನೊಂದು ದಾರಿ ಹುಟ್ಟಿದೆ. ಕಾಸರಗೋಡಿನ ಕಡೆ ಕೆಲವು ಜಮಾಅತ್‌ಗಳು ನಶೆಗೆ ಬಿದ್ದವರ ಮದುವೆಗೆ ಸಹಕರಿಸುವುದಿಲ್ಲ, ಅವರನ್ನು ಹೊರಗಿಡುತ್ತೇವೆ ಎಂದು ತೀರ್ಮಾನಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಂಥದ್ದನ್ನು ನಮ್ಮಲ್ಲೂ ತರಬೇಕು ಎನ್ನುವ ಹಿರಿಯರು ಇದ್ದಾರೆ. ಮಗಳನ್ನು ಕೊಡುವ ತಂದೆಯ ಭಯ ನಮಗೆ ಅರ್ಥವಾಗದ್ದಲ್ಲ. ಹುಡುಗನ ಚಟ ಮುಚ್ಚಿಟ್ಟು ನಿಕಾಹ್ ಮಾಡಿಸುವುದು ಮೋಸ, ಅದನ್ನು ಜಮಾಅತ್ ತಡೆಯಲಿ. ಮಾರುವವನನ್ನು ಹಿಡಿದುಕೊಡಲಿ. ಆದರೆ ಬಿಡಲಾಗದೆ ಒದ್ದಾಡುವವನನ್ನು ಮಸೀದಿಯ ಮೆಟ್ಟಿಲಿನಿಂದ ಇಳಿಸಿದರೆ ಅವನು ಎಲ್ಲಿಗೆ ಹೋಗುತ್ತಾನೆ? ಅವನಿಗೆ 'ಬಾ ಕೂತ್ಕೊ' ಎನ್ನುವ ಒಂದೇ ಜಾಗ ಉಳಿಯುತ್ತದೆ, ಅದು ಪೊಟ್ಟಣ ಮಾರುವವನ ಪಕ್ಕ.

ಮದ್ಯ ನಿಷೇಧದ ಆದೇಶ ಮದೀನಾಕ್ಕೆ ಒಂದೇ ರಾತ್ರಿ ಬರಲಿಲ್ಲ ಎಂಬುದನ್ನು ನಮ್ಮ ಮೌಲ್ವಿಗಳು ನಮಗಿಂತ ಚೆನ್ನಾಗಿ ಬಲ್ಲರು. ಮೊದಲು ಅದರಲ್ಲಿ ಲಾಭಕ್ಕಿಂತ ಹಾನಿ ದೊಡ್ಡದೆಂಬ ತಿಳಿವಳಿಕೆ, ಆಮೇಲೆ ಅಮಲಿನಲ್ಲಿ ನಮಾಜಿನ ಹತ್ತಿರ ಹೋಗಬೇಡಿ ಎಂಬ ಕಟ್ಟಳೆ, ಕೊನೆಗೆ ಪೂರ್ತಿ ನಿಷೇಧ. ಮನುಷ್ಯನ ದೇಹ ಮನಸ್ಸುಗಳನ್ನು ಸೃಷ್ಟಿಸಿದವನೇ ಅವುಗಳಿಗೆ ಸಮಯ ಕೊಟ್ಟ. ನಾವು ಹತ್ತೊಂಬತ್ತರ ಹುಡುಗನಿಗೆ ತಲೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸುತ್ತೇವೆ. ಮೂರನೇ ದಿನ ಆಣೆ ಮುರಿದ ಎಂದು ಹೊಡೆಯುತ್ತೇವೆ. ವರ್ಷಗಟ್ಟಲೆ ಕುಡಿದವನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮೆಯಾಗಬಹುದು, ಪ್ರಾಣವೇ ಹೋಗಬಹುದು ಎಂದು ಯಾವ ವೈದ್ಯರಾದರೂ ಹೇಳುತ್ತಾರೆ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಗೋಡೆಯ ಚೀಟಿ ಕಣ್ಣಿಗೆ ಬೀಳುತ್ತದೆ: ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ. ಆ ಪುಡಿಯಲ್ಲಿ ಏನಿದೆ ಎಂದು ಕೇಳುವವರಿಲ್ಲ. ನಾಚಿಕೆ ಇದ್ದಲ್ಲಿ ಇಂಥ ವ್ಯಾಪಾರ ಚೆನ್ನಾಗಿ ನಡೆಯುತ್ತದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಸನಕ್ಕೆಂದೇ ವಾರದಲ್ಲಿ ನಿಗದಿತ ದಿನ ವೈದ್ಯರು ಕೂರಲಿ, ಔಷಧಿ ಪುಕ್ಕಟೆ ಸಿಗಲಿ. ಬೆಳಂಬಾರದವರು ಕಾರವಾರದವರೆಗೆ ಅಲೆಯುವಂತಾಗಬಾರದು. ಆ 40,000 ಕೋಟಿಯ ಒಂದು ಪಾಲನ್ನು ಇದಕ್ಕೆಂದು ಕಾನೂನಿನಲ್ಲೇ ಬರೆದಿಡಲಿ. ಕೇಂದ್ರದ ಉಚಿತ ಸಹಾಯವಾಣಿ 14446 ಎಂಬುದನ್ನು ಬಾರಿನ ಬಾಗಿಲ ಮೇಲೆ, ಲೈಸೆನ್ಸಿನಷ್ಟೇ ದೊಡ್ಡದಾಗಿ ಬರೆಸಲಿ. ನಮ್ಮ ಖತೀಬರು ಒಂದು ಶುಕ್ರವಾರ ಹರಾಮಿನ ಶಿಕ್ಷೆಯ ಜೊತೆಗೆ 64ಎ ಕಲಮನ್ನೂ ಓದಿ ಹೇಳಲಿ. ಜಮಾಅತ್ ಕಮಿಟಿಯ ಹಿರಿಯರೊಬ್ಬರು ಹುಡುಗನ ಜೊತೆ ಆಸ್ಪತ್ರೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂರಲಿ.

ಆ ತಾಯಿಗೆ ನಾವು ನಂಬರು ಬರೆದುಕೊಟ್ಟೆವು. ಚೀಟಿ ಮಡಚಿ ಬುರ್ಖಾದ ಒಳಗಿಟ್ಟುಕೊಂಡು, ಹೆಸರು ಕೇಳುತ್ತಾರಾ ಎಂದು ಮತ್ತೆ ಕೇಳಿದರು.